ಶಟ್ಲ್ ಅಂಕಣದಲ್ಲೇ ಪಿಕಲ್‌ಬಾಲ್: ಸಿಂಗಲ್ಸ್‌ನಲ್ಲಿ ಗೆಲ್ಲಿಸುವುದು ಸ್ಮ್ಯಾಶ್ ಅಲ್ಲ, ನಿಲ್ಲುವ ಜಾಗ

ಕಾಸರಗೋಡು: ಊರಿನ ಕ್ಲಬ್ಬಿನ ಶಟ್ಲ್ ಅಂಕಣದಲ್ಲಿ ಸ್ಮ್ಯಾಶ್‌ಗೆ ಹೆಸರಾದ ಹುಡುಗ ಕೆಲಸಕ್ಕೆಂದು ಬೆಂಗಳೂರಿಗೋ ದುಬೈಗೋ ಹೋಗಿ ಅಲ್ಲಿ ಮೊದಲ ಬಾರಿ ಪಿಕಲ್‌ಬಾಲ್ ಪ್ಯಾಡಲ್ ಹಿಡಿದಾಗ ಆಗುವ ಅನುಭವ ಹೆಚ್ಚಾಗಿ ಒಂದೇ. ಎದುರಿಗೆ ನಿಂತವರು ಅವನ ತಂದೆಯ ಪ್ರಾಯದವರು. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಓಟವೂ ಅಷ್ಟಕ್ಕಷ್ಟೆ. ಆದರೂ ಆಟ ಮುಗಿಯುವಾಗ ಹುಡುಗನಿಗೆ ಮೂರೋ ನಾಲ್ಕೋ ಅಂಕ, ಅವರಿಗೆ ಹನ್ನೊಂದು. ಹೊಡೆದದ್ದೆಲ್ಲ ಜೋರಾಗಿಯೇ ಇತ್ತು, ಓಡಿದ್ದೂ ಇವನೇ ಹೆಚ್ಚು. ಹಾಗಾದರೆ ಸೋತದ್ದು ಎಲ್ಲಿ?

ಪಿಕಲ್‌ಬಾಲ್ ಸಿಂಗಲ್ಸ್ ನೋಡಲು ಶಟ್ಲ್‌ನಂತೆ ಕಂಡರೂ ಅದರ ಲೆಕ್ಕ ಬೇರೆ. ಆ ಲೆಕ್ಕ ತಿಳಿಯದೆ ಎಷ್ಟು ಓಡಿದರೂ ಮೊಣಕಾಲು ನೋಯುತ್ತದೆಯೇ ಹೊರತು ಅಂಕ ಬರುವುದಿಲ್ಲ.

ಶಟ್ಲ್‌ನ ಅಂಕಣದಲ್ಲೇ ಹುಟ್ಟಿದ ಆಟ

ಈ ಆಟ ಹುಟ್ಟಿದ್ದೇ ಬ್ಯಾಡ್ಮಿಂಟನ್ ಅಂಕಣದಲ್ಲಿ. 1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಎಂಬವರ ಮನೆಯ ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ, ಬೇಕಾದ ಸಾಮಗ್ರಿ ಸಿಗದೆ, ಟೇಬಲ್ ಟೆನ್ನಿಸ್ ಬ್ಯಾಟು ಮತ್ತು ತೂತುಗಳಿರುವ ಪ್ಲಾಸ್ಟಿಕ್ ಚೆಂಡಿನಿಂದ ಆಟ ಶುರುವಾಯಿತು. ಗೆಳೆಯರಾದ ಬಿಲ್ ಬೆಲ್ ಮತ್ತು ಬಾರ್ನಿ ಮೆಕ್ಕಾಲಂ ಜೊತೆ ಸೇರಿ ನಿಯಮಗಳನ್ನು ರೂಪಿಸಿದರು. ಮೊದಲು ಶಟ್ಲ್‌ನ ಎತ್ತರದಲ್ಲೇ ಇದ್ದ ಬಲೆಯನ್ನು ಬಳಿಕ 36 ಇಂಚಿಗೆ ಇಳಿಸಲಾಯಿತು. ಹೆಸರಿನಲ್ಲಿ ಉಪ್ಪಿನಕಾಯಿ ಇದ್ದರೂ ಆಟಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ.

ಭಾರತದಲ್ಲಿ ಈ ಆಟಕ್ಕೆ ಅಖಿಲ ಭಾರತ ಮಟ್ಟದ ಸಂಸ್ಥೆಯೊಂದು ಹುಟ್ಟಿದ್ದು 2008ರಲ್ಲಿ. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯವು ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಮಾನ್ಯತೆ ನೀಡಿತು.

ಅಂಕಣದ ಉದ್ದ 44 ಅಡಿ, ಅಗಲ 20 ಅಡಿ. ಶಟ್ಲ್ ಡಬಲ್ಸ್ ಅಂಕಣದ ಅಳತೆಯೂ ಇದೇ. ಆದರೆ ಶಟ್ಲ್ ಸಿಂಗಲ್ಸ್‌ನಲ್ಲಿ ಎರಡೂ ಬದಿಯ ಒಂದೂವರೆ ಅಡಿ ಪಟ್ಟಿಯನ್ನು ಬಿಟ್ಟು 17 ಅಡಿ ಅಗಲದಲ್ಲಿ ಆಡಿದರೆ, ಪಿಕಲ್‌ಬಾಲ್ ಸಿಂಗಲ್ಸ್‌ನಲ್ಲಿ ಪೂರ್ತಿ 20 ಅಡಿಯನ್ನೂ ಒಬ್ಬನೇ ಕಾಯಬೇಕು. ಬಲೆಯ ಎರಡೂ ಕಡೆ ಏಳೇಳು ಅಡಿ ಜಾಗಕ್ಕೆ 'ಕಿಚನ್' ಎಂದು ಹೆಸರು. ಅದರೊಳಗೆ ಅಥವಾ ಅದರ ಗೆರೆಯ ಮೇಲೆ ಕಾಲಿಟ್ಟುಕೊಂಡು ಚೆಂಡನ್ನು ಪುಟಿಯುವ ಮೊದಲೇ ಹೊಡೆಯುವಂತಿಲ್ಲ. ಹೊಡೆದ ರಭಸಕ್ಕೆ ಮುಗ್ಗರಿಸಿ ಒಳಗೆ ಕಾಲಿಟ್ಟರೂ ತಪ್ಪೇ. ಕಿಚನ್‌ಗೆ ಹೋಗಲೇಬಾರದು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಒಳಗೆ ಪುಟಿದ ಚೆಂಡನ್ನು ಹೋಗಿ ಆಡಬಹುದು, ಬೇಕಿದ್ದರೆ ಅಲ್ಲಿ ನಿಂತುಕೊಂಡೂ ಇರಬಹುದು.

ಸಿಂಗಲ್ಸ್‌ನ ತಂತ್ರವನ್ನೆಲ್ಲ ನಿರ್ಧರಿಸುವುದು ಇನ್ನೊಂದು ನಿಯಮ. ಸರ್ವ್ ಮಾಡಿದ ಚೆಂಡು ಎದುರಾಳಿಯ ಕಡೆ ಒಮ್ಮೆ ಪುಟಿಯಬೇಕು, ಅವನು ಹಿಂದಿರುಗಿಸಿದ ಚೆಂಡು ಸರ್ವ್ ಮಾಡಿದವನ ಕಡೆಯೂ ಒಮ್ಮೆ ಪುಟಿಯಲೇಬೇಕು. ಆ ಮೇಲೆ ಮಾತ್ರ ನೇರವಾಗಿ ಗಾಳಿಯಲ್ಲೇ ಹೊಡೆಯಲು, ಅಂದರೆ ವಾಲಿ ಮಾಡಲು ಅವಕಾಶ. ಇದರಿಂದಾಗಿ ಸರ್ವ್ ಮಾಡಿದವನು ಹಿಂದೆಯೇ ಕಾದು ನಿಲ್ಲಬೇಕಾಗುತ್ತದೆ. ರಿಟರ್ನ್ ಮಾಡಿದವನು ಹೊಡೆದ ಕೂಡಲೇ ಮುಂದೆ ಓಡಬಹುದು. ಶಟ್ಲ್‌ನಲ್ಲಾಗಲಿ ಟೆನ್ನಿಸ್‌ನಲ್ಲಾಗಲಿ ಇಂಥ ತಡೆ ಸರ್ವ್ ಮಾಡಿದವನಿಗಿಲ್ಲ. ಇಲ್ಲಿ ಬಲೆಯ ಹತ್ತಿರದ ಒಳ್ಳೆಯ ಜಾಗ ಮೊದಲು ಸಿಗುವುದು ಸರ್ವ್ ಎದುರಿಸುವವನಿಗೆ.

ಅಂಕ ಮಾತ್ರ ಸರ್ವ್ ಇದ್ದವನಿಗೇ. 2006ಕ್ಕೆ ಮುಂಚೆ ಶಟ್ಲ್ ಆಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, 15 ಪಾಯಿಂಟಿನ ಆ ಹಳೆಯ ಕ್ರಮವೂ ಹೀಗೆಯೇ ಇತ್ತು. ಇಲ್ಲಿ ಆಟ 11ಕ್ಕೆ, ಎರಡು ಅಂಕಗಳ ಅಂತರ ಬೇಕು. ಸರ್ವ್ ಮಾಡುವವನ ಅಂಕ ಸಮಸಂಖ್ಯೆಯಾದರೆ ಬಲಗಡೆಯಿಂದ, ಬೆಸವಾದರೆ ಎಡಗಡೆಯಿಂದ ಸರ್ವ್. ಇದೂ ಶಟ್ಲ್‌ನಂತೆಯೇ.

ಸರ್ವ್: ಆಳವೇ ಅರ್ಧ ಕೆಲಸ

ಸೊಂಟದ ಕೆಳಗಿನಿಂದ, ಕೈ ಕೆಳಗಿನಿಂದ ಮೇಲಕ್ಕೆ ಬರುವಂತೆ ಸರ್ವ್ ಮಾಡಬೇಕು. ಚೆಂಡನ್ನು ಕೈಯಿಂದ ಬಿಟ್ಟು, ಪುಟಿದ ಮೇಲೆ ಹೊಡೆಯುವ ಕ್ರಮವೂ ಉಂಟು. ಹೊಸಬರಿಗೆ ಅದೇ ಸುಲಭ. ಒಂದೇ ಅವಕಾಶ, ಟೆನ್ನಿಸ್‌ನಂತೆ ಎರಡನೆಯ ಸರ್ವ್ ಇಲ್ಲ. ಅಂಕ ಬರುವುದು ಸರ್ವ್ ಇದ್ದಾಗ ಮಾತ್ರ ಆದ್ದರಿಂದ ಸರ್ವ್‌ನ್ನು ಹೊರಗೆ ಹೊಡೆಯುವುದೆಂದರೆ ಬಸ್ಸು ಬಂದು ನಿಂತಾಗ ಅಂಗಡಿಗೆ ಹೋದಂತೆ.

ಸರ್ವ್‌ನಲ್ಲೇ ಅಂಕ ಕಸಿಯುವ ಆಸೆ ಬೇಡ. ಬೇಸ್‌ಲೈನ್‌ನಿಂದ ಎರಡು ಮೂರು ಅಡಿ ಒಳಗೆ ಬೀಳುವ ಆಳವಾದ ಸರ್ವ್ ಸಾಕು. ಎದುರಾಳಿ ಗೆರೆಯ ಹಿಂದಿನಿಂದ ಹೊಡೆಯಬೇಕಾಗುತ್ತದೆ, ಬಲೆಯ ಹತ್ತಿರಕ್ಕೆ ಓಡಲು ಅವನಿಗೆ ಅಷ್ಟು ದೂರ ಹೆಚ್ಚಾಗುತ್ತದೆ. ಕಿಚನ್ ಗೆರೆಯಿಂದ ಬೇಸ್‌ಲೈನ್‌ಗೆ ಇರುವುದೇ 15 ಅಡಿ. ಗೆರೆಯಿಂದ ಇನ್ನೂ ಮೂರು ಅಡಿ ಹಿಂದಕ್ಕೆ ತಳ್ಳಿದರೆ ಅವನು 18 ಅಡಿ ಓಡಬೇಕು.

ದಿಕ್ಕಿನ ವಿಷಯದಲ್ಲಿ ಒಂದು ಸಣ್ಣ ಗುಟ್ಟಿದೆ. ಎದುರಾಳಿ ಬಲಗೈಯವನಾದರೆ ಅವನ ಬ್ಯಾಕ್‌ಹ್ಯಾಂಡ್ ಇರುವುದು ಎಡಗಡೆ. ಬಲ ಅಂಕಣದಲ್ಲಿ ನಿಂತವನಿಗೆ ಆ ಎಡಗಡೆ ಎಂದರೆ ನಡುಗೆರೆಯ ಬದಿ. ಎಡ ಅಂಕಣದಲ್ಲಿ ನಿಂತವನಿಗೆ ಹೊರಬದಿಯ ಗೆರೆ. ಹಾಗಾಗಿ ಅಂಕ ಬೆಸವಾಗಿರುವಾಗ ಹೊರಬದಿಗೆ ಹೋಗುವ ಸರ್ವ್ ಎರಡು ಕೆಲಸ ಮಾಡುತ್ತದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಆಡಿಸುತ್ತದೆ, ಜೊತೆಗೆ ಅವನನ್ನು ಅಂಕಣದಿಂದಲೇ ಆಚೆಗೆ ಎಳೆಯುತ್ತದೆ. ಸಮಸಂಖ್ಯೆಯಲ್ಲಿರುವಾಗ ನಡುಗೆರೆಯ ಹತ್ತಿರದ ಸರ್ವ್ ಒಳ್ಳೆಯದು. ಎಂಟು ಸಲ ಅಲ್ಲಿಗೇ ಹಾಕಿ ಒಂಬತ್ತನೆಯದನ್ನು ಇನ್ನೊಂದು ಮೂಲೆಗೆ ಹಾಕಿದರೆ ಫಲ ಬೇರೆಯೇ.

ಸರ್ವ್ ಮಾಡುವವನು ನಿಲ್ಲಬೇಕಾದದ್ದು ನಡುಗೆರೆಯ ಹತ್ತಿರ. ಡಬಲ್ಸ್ ಆಡಿ ರೂಢಿಯಾದವರು ಮೂಲೆಯಲ್ಲಿ ನಿಂತು ಸರ್ವ್ ಮಾಡುತ್ತಾರೆ, ಇನ್ನೊಂದು ಮೂಲೆಗೆ ಚೆಂಡು ಬಂದರೆ 20 ಅಡಿ ಓಡುತ್ತಾರೆ. ಸರ್ವ್ ಆದ ಮೇಲೆ ಅಂಕಣದೊಳಕ್ಕೆ ಎರಡು ಹೆಜ್ಜೆ ಇಡುವುದು ಇನ್ನೊಂದು ದುರಭ್ಯಾಸ. ಚೆಂಡು ಪುಟಿಯಲೇಬೇಕಾದ್ದರಿಂದ ಆಳವಾದ ರಿಟರ್ನ್ ಬಂದರೆ ಆತ ಮತ್ತೆ ಹಿಂದಕ್ಕೆ ತಡವರಿಸಬೇಕಾಗುತ್ತದೆ. ಹಿಂದೆಯೇ ನಿಂತು, ರಿಟರ್ನ್ ಗಿಡ್ಡವಾಗಿ ಬಂದರೆ ಮುಂದಕ್ಕೆ ಹೋಗುವುದು ಸರಿಯಾದ ಕ್ರಮ.

ರಿಟರ್ನ್ ಮಾಡಿ ಬಲೆಯ ಕಡೆಗೆ

ಸಿಂಗಲ್ಸ್‌ನಲ್ಲಿ ಅತಿ ಮುಖ್ಯವಾದ ಹೊಡೆತ ಯಾವುದು ಎಂದರೆ ರಿಟರ್ನ್ ಎನ್ನಬೇಕು. ಆ ಒಂದು ಹೊಡೆತದ ಹಿಂದೆಯೇ ಬಲೆಯ ಹತ್ತಿರದ ಜಾಗ ಸಿಗುತ್ತದೆ. ಜೋರಾಗಿ ಹೊಡೆದರೆ ಚೆಂಡು ಬೇಗ ಹೋಗುತ್ತದೆ, ಬೇಗ ವಾಪಸು ಬರುತ್ತದೆ. ಆಟಗಾರ ಇನ್ನೂ ಅರ್ಧ ದಾರಿಯಲ್ಲಿರುತ್ತಾನೆ. ಸ್ವಲ್ಪ ಎತ್ತರಕ್ಕೆ, ನಿಧಾನವಾಗಿ, ಆದರೆ ಬೇಸ್‌ಲೈನ್ ಸಮೀಪ ಬೀಳುವಂತೆ ಹೊಡೆದರೆ ಗೆರೆ ಮುಟ್ಟಲು ಸಮಯ ಸಿಗುತ್ತದೆ.

ಆಳದ ಬೆಲೆ ಎಷ್ಟೆಂಬುದಕ್ಕೆ ಲೆಕ್ಕ ಹೀಗಿದೆ. ಒಬ್ಬ ಕಿಚನ್ ಗೆರೆಯಲ್ಲಿ ನಿಂತಿದ್ದಾನೆ, ಇನ್ನೊಬ್ಬ ತನ್ನ ಬೇಸ್‌ಲೈನ್‌ನಿಂದ ಹೊಡೆಯುತ್ತಾನೆ ಎಂದುಕೊಳ್ಳೋಣ. ನಡುವಿನ ಅಂತರ 29 ಅಡಿ. ಗಾಳಿಯ ತಡೆಯನ್ನು ಬಿಟ್ಟರೆ, ಗಂಟೆಗೆ 60 ಕಿ.ಮೀ. ವೇಗದ ಚೆಂಡಿಗೆ ಆ ದೂರ ದಾಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ರಿಟರ್ನ್ ಗಿಡ್ಡವಾಗಿ ಬಿದ್ದು ಎದುರಾಳಿ ಹತ್ತು ಅಡಿ ಮುಂದಕ್ಕೆ ಬಂದು ಹೊಡೆದರೆ ಉಳಿಯುವುದು ಸೆಕೆಂಡಿನ ಮೂರನೇ ಒಂದು ಭಾಗ ಮಾತ್ರ. ಎಂಥ ಚುರುಕಿನ ಹುಡುಗನಾದರೂ ಅಷ್ಟರಲ್ಲಿ ಒಂದು ಹೆಜ್ಜೆ ಇಟ್ಟು ಪ್ಯಾಡಲ್ ಚಾಚುವುದು ಕಷ್ಟ.

ಬಲೆಯ ಹತ್ತಿರ ಹೋದವನು ಎಲ್ಲಿ ನಿಲ್ಲಬೇಕು? ಶಟ್ಲ್ ಸಿಂಗಲ್ಸ್‌ನಲ್ಲಿ ಪ್ರತಿ ಹೊಡೆತದ ನಂತರ ಅಂಕಣದ ನಡುವಿಗೆ ಮರಳಬೇಕು ಎಂದು ಕಲಿಸುತ್ತಾರೆ. ಇಲ್ಲಿ ಅದನ್ನೇ ಮಾಡಿದರೆ ಪಕ್ಕದ ಗೆರೆಯುದ್ದಕ್ಕೂ ಚೆಂಡು ದಾಟಿ ಹೋಗುತ್ತದೆ. ಎದುರಾಳಿ ಒಂದು ಮೂಲೆಯಲ್ಲಿದ್ದಾನೆ ಎನ್ನಿ. ಅವನು ಗೆರೆಗೆ ಸಮಾನಾಂತರವಾಗಿ ನೇರ ಹೊಡೆಯಬಹುದು, ಇಲ್ಲವೇ ಓರೆಯಾಗಿ ದೂರದ ಮೂಲೆಗೆ ಜೋರಾಗಿ ಬಾರಿಸಬಹುದು. ಆ ಓರೆ ಚೆಂಡು ಕಿಚನ್ ಗೆರೆಯನ್ನು ದಾಟುವಾಗ ಹತ್ತಿರದ ಪಕ್ಕದ ಗೆರೆಯಿಂದ ಸುಮಾರು 13 ಅಡಿ ದೂರದಲ್ಲಿರುತ್ತದೆ. ಅಂದರೆ ಜೋರು ಹೊಡೆತಗಳಿಗೆ ಕಾಯಬೇಕಾದದ್ದು 20 ಅಡಿಯನ್ನಲ್ಲ, 13 ಅಡಿಯನ್ನು. ಅದರ ನಡು ಇರುವುದು ಅಂಕಣದ ನಡುವಿನಿಂದ ಮೂರು ಅಡಿಗೂ ಮಿಕ್ಕಿ ಚೆಂಡಿನ ಕಡೆಗೆ. ಆದ್ದರಿಂದಲೇ ಪಳಗಿದವರು ತಾವು ಹೊಡೆದ ಚೆಂಡಿನ ಹಿಂದೆಯೇ ಹೋಗುತ್ತಾರೆ. ಬಲಮೂಲೆಗೆ ಹೊಡೆದರೆ ಬಲಕ್ಕೆ, ಎಡಮೂಲೆಗೆ ಹೊಡೆದರೆ ಎಡಕ್ಕೆ. ಇನ್ನೊಂದು ಬದಿ ಖಾಲಿ ಇದೆಯಲ್ಲಾ ಎಂದು ನೋಡುವವರಿಗೆ ಅನಿಸಬಹುದು. ಆ ಜಾಗಕ್ಕೆ ಚೆಂಡು ಹಾಕಬೇಕಾದರೆ ಎದುರಾಳಿ ಬಲೆಯ ಮೇಲಿಂದ ಮೆಲ್ಲಗೆ, ಬಹಳ ಓರೆಯಾಗಿ ಹೊಡೆಯಬೇಕು. ಓಡುತ್ತಾ ಬಂದವನಿಗೆ ಅದು ಹತ್ತರಲ್ಲಿ ಎಷ್ಟು ಸಲ ಕೂಡಿ ಬಂದೀತು? ಕೂಡಿ ಬಂದರೆ ಶಹಬ್ಬಾಸ್ ಎಂದು ಬಿಟ್ಟುಬಿಡುವುದೇ ಲೇಸು.

ಇದೇ ಕಾರಣಕ್ಕೆ ನೇರ ರಿಟರ್ನ್ ಮಾಡುವವನಿಗೆ ಓಟ ಕಡಿಮೆ. ನಿಂತ ಬದಿಯಲ್ಲೇ ಮುಂದಕ್ಕೆ ಹೋದರಾಯಿತು. ಬಲ ಅಂಕಣದಿಂದ ನೇರವಾಗಿ ಹೊಡೆದರೆ ಅದು ಬಲಗೈಯ ಎದುರಾಳಿಯ ಬ್ಯಾಕ್‌ಹ್ಯಾಂಡಿಗೇ ಹೋಗುತ್ತದೆ ಎಂಬುದು ಇನ್ನೊಂದು ಲಾಭ. ಓರೆ ರಿಟರ್ನ್‌ಗೆ ತನ್ನದೇ ಅನುಕೂಲವಿದೆ. ಮೂಲೆಯಿಂದ ಮೂಲೆಗೆ ಸುಮಾರು 48 ಅಡಿ, ನೇರ ಹೊಡೆತಕ್ಕಿಂತ ನಾಲ್ಕು ಅಡಿ ಹೆಚ್ಚು ಜಾಗ. ಬಲೆಯೂ ನಡುವಿನಲ್ಲಿ 34 ಇಂಚು, ಬದಿಗಳಲ್ಲಿ 36. ಎರಡು ಇಂಚು ಕಡಿಮೆ ಎಂದರೆ ಸಣ್ಣ ಮಾತಲ್ಲ. ಕೈ ಇನ್ನೂ ಪಳಗದವನು, ಗಾಬರಿಯಾದವನು ಓರೆಗೇ ಹೊಡೆಯುವುದು ಕ್ಷೇಮ, ಓಡಲು ಮಾತ್ರ ತಯಾರಿರಬೇಕು.

ಓಡುತ್ತಿರುವಾಗಲೇ ಎದುರಾಳಿಯ ಹೊಡೆತ ಬಂದರೆ? ಗೆರೆ ಮುಟ್ಟದಿದ್ದರೂ ಸರಿ, ಅವನ ಪ್ಯಾಡಲ್ ಚೆಂಡಿಗೆ ತಾಗುವ ಕ್ಷಣದಲ್ಲಿ ಎರಡೂ ಕಾಲು ನೆಲದಲ್ಲಿ ನಿಂತಿರಬೇಕು. ಓಡುವ ಕಾಲು ಒಂದೇ ದಿಕ್ಕಿಗೆ ಹೋಗಬಲ್ಲದು, ನಿಂತ ಕಾಲು ಎರಡೂ ಕಡೆಗೆ.

ಬಲೆಯ ಹತ್ತಿರ ಎದುರಾಳಿ ನಿಂತಾಗ

ಸರ್ವ್ ಮಾಡಿದವನಿಗೆ ಈಗ ಕಷ್ಟಕಾಲ. ಎದುರಾಳಿ ಮುಂದೆ ಬಂದು ನಿಂತಿದ್ದಾನೆ. ಇಲ್ಲಿ ಶಟ್ಲ್ ಆಟಗಾರನ ಮನಸ್ಸಿಗೆ ಹೊಳೆಯುವುದು ಎರಡೇ: ಬಾರಿಸುವುದು ಅಥವಾ ಎತ್ತಿ ಟಾಸ್ ಹಾಕುವುದು. ಒಂದೇ ಹೊಡೆತದಲ್ಲಿ ಗೆರೆಯ ಮೇಲೆ ಚೆಂಡು ದಾಟಿಸಲು ಹೋಗಿ ಹೊರಗೆ ಹೊಡೆಯುವವರೇ ಹೆಚ್ಚು. ಗೆರೆಯಿಂದ ಎರಡು ಅಡಿ ಒಳಗೆ ಗುರಿಯಿಟ್ಟು, ಬಲೆಗೆ ಆದಷ್ಟು ಹತ್ತಿರದಿಂದ, ತಗ್ಗಾಗಿ ಡ್ರೈವ್ ಮಾಡಿದರೆ ಎದುರಾಳಿ ಮೊಣಕಾಲಿನ ಮಟ್ಟದಿಂದ ಚೆಂಡನ್ನು ಮೇಲಕ್ಕೆತ್ತಿ ಆಡಬೇಕಾಗುತ್ತದೆ. ಹಾಗೆ ಎದ್ದ ಚೆಂಡು ಗಿಡ್ಡವಾಗಿ ಬರುತ್ತದೆ, ದಾಟಿಸುವ ಹೊಡೆತ ಹೊಡೆಯಬೇಕಾದ್ದು ಆಗ.

ಡ್ರೈವ್ ಒಂದನ್ನೇ ನೆಚ್ಚಿದರೆ ಎದುರಾಳಿ ಹೊಂದಿಕೊಂಡುಬಿಡುತ್ತಾನೆ. ಅವನು ಇನ್ನೂ ಓಡಿ ಬರುತ್ತಿರುವಾಗ ಕಾಲಬುಡಕ್ಕೆ ಮೆಲ್ಲನೆ ಹಾಕುವ ಡ್ರಾಪ್ ಕಲಿಯಬೇಕು. ಡಬಲ್ಸ್‌ನಲ್ಲಿ ಕಾಣುವಂತೆ ಕಿಚನ್‌ನೊಳಗೆ ಹತ್ತಿಪ್ಪತ್ತು ಸಲ ಮೆಲ್ಲಗೆ ಚೆಂಡು ಕೊಟ್ಟು ತೆಗೆದುಕೊಳ್ಳುವ ಆಟ ಸಿಂಗಲ್ಸ್‌ನಲ್ಲಿ ಕಡಿಮೆ. 20 ಅಡಿ ಅಗಲಕ್ಕೆ ಒಬ್ಬನೇ ಇರುವಾಗ ಯಾರಾದರೊಬ್ಬರು ಬೇಗನೆ ಓರೆಗೆ ತಳ್ಳಿ ಮುಗಿಸುತ್ತಾರೆ.

ಎತ್ತಿ ಹೊಡೆಯುವ ಲಾಬ್ ಬಗ್ಗೆ ಎಚ್ಚರ ಬೇಕು. ಶಟ್ಲ್ ಕಾಕ್‌ನ ತೂಕ ಐದು ಗ್ರಾಂ ಆಸುಪಾಸು. ಪುಕ್ಕಗಳಿಂದಾಗಿ ಮೇಲೆ ಹೋದದ್ದು ವೇಗ ಕಳೆದುಕೊಂಡು ನೆಟ್ಟಗೆ ಕೆಳಗೆ ಬೀಳುತ್ತದೆ. ಪಿಕಲ್‌ಬಾಲ್ 22ರಿಂದ 26 ಗ್ರಾಂ ತೂಗುತ್ತದೆ. ಟಾಸ್ ಹೊಡೆದ ಕೈಯ ಬೀಸಿಗೆ ಅದು ಅಂಕಣದಾಚೆ ಹೋಗಿ ಬೀಳುತ್ತದೆ. ಬಲೆಗೆ ತೀರಾ ಅಂಟಿಕೊಂಡು ನಿಂತವನ ತಲೆಯ ಮೇಲಿಂದ ಅಪರೂಪಕ್ಕೊಮ್ಮೆ ಹಾಕಲು ಮಾತ್ರ ಲಾಬ್ ಯೋಗ್ಯ.

ಬಲೆಯ ಹತ್ತಿರ ನಿಂತವನೂ ಆತುರಪಡಬೇಕಿಲ್ಲ. ಎದುರಾಳಿ ಬೇಸ್‌ಲೈನ್ ಹಿಂದೆ ಇದ್ದರೆ ಚೆಂಡನ್ನು ಬರೇ ತಡೆದು ಖಾಲಿ ಬದಿಯ ಕಿಚನ್‌ನೊಳಗೆ ಬೀಳುವಂತೆ ಬಿಟ್ಟರೆ ಸಾಕು. ಅವನು ಅದನ್ನು ಊಹಿಸಿ ಓಡಲು ತೊಡಗಿದ್ದರೆ ಅವನು ಬಿಟ್ಟು ಬಂದ ಜಾಗಕ್ಕೇ ಮತ್ತೆ ಹಾಕಬೇಕು. ತಿರುಗಿ ಓಡುವುದು ಮುಂದಕ್ಕೆ ಓಡುವುದಕ್ಕಿಂತ ಯಾವಾಗಲೂ ಕಷ್ಟ.

ಸಿಂಗಲ್ಸ್‌ನ ಈ ಬುದ್ಧಿ ಕನ್ನಡಿಗರಿಗೆ ಹೊಸದೇನಲ್ಲ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಪ್ರಕಾಶ್ ಪಡುಕೋಣೆ ಅವರು ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಕಿಂಗ್ ಹಾರಿ ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದವರು; ಪ್ರಕಾಶ್ ಗೆದ್ದದ್ದು ಹಿಡಿತದ ಹೊಡೆತಗಳಿಂದ, ಪ್ಲೇಸಿಂಗ್‌ನಿಂದ. ಟಾಸ್ ಪಿಕಲ್‌ಬಾಲ್‌ಗೆ ಒಗ್ಗದಿರಬಹುದು. ಎದುರಾಳಿಗೆ ಇಷ್ಟವಾದ ಚೆಂಡನ್ನು ಕೊಡದೇ ಇರುವ ಆ ಜಾಣತನ ಒಗ್ಗುತ್ತದೆ.

ಗಾಳಿ, ಬಿಸಿಲು, ಮೊಣಕಾಲು

ಕರಾವಳಿಯಲ್ಲಿ ಬಯಲಿನಲ್ಲಿ ಆಡುವವರು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮಧ್ಯಾಹ್ನದ ಮೇಲೆ ಕಡಲಿನಿಂದ ಪಡುಗಾಳಿ ಬೀಸುತ್ತದೆ. ಗಾಳಿ ಎದುರಿಗಿದ್ದಾಗ ಧೈರ್ಯವಾಗಿ ಪೂರ್ತಿ ಬೀಸಿ ಹೊಡೆಯಬಹುದು, ಚೆಂಡು ಅಂಕಣದೊಳಗೇ ಉಳಿಯುತ್ತದೆ. ಗಾಳಿ ಬೆನ್ನಿಗಿದ್ದಾಗ ಅದೇ ಹೊಡೆತ ಹೊರಗೆ ಹೋಗುತ್ತದೆ. ಗುರಿಯನ್ನು ಮೂರು ನಾಲ್ಕು ಅಡಿ ಒಳಗೆ ಸರಿಸಿಕೊಳ್ಳಬೇಕು. ಅಡ್ಡಗಾಳಿಗೆ ಪಕ್ಕದ ಗೆರೆಗಳ ಆಸೆ ಬಿಡುವುದು ಒಳ್ಳೆಯದು. ಹೊಸದಾಗಿ ಅಂಕಣ ಎಳೆಯುವವರು ಉತ್ತರ ದಕ್ಷಿಣಕ್ಕೆ ಉದ್ದ ಬರುವಂತೆ ಎಳೆದರೆ ಸಂಜೆಯ ಬಿಸಿಲು ಯಾರ ಕಣ್ಣಿಗೂ ನೇರವಾಗಿ ಹೊಡೆಯುವುದಿಲ್ಲ.

ಊರಿನ ಶಟ್ಲ್ ಅಂಕಣಗಳ ಒಂದು ತೊಡಕೆಂದರೆ ನೆಲ. ಮಣ್ಣಿನ ಅಂಕಣದಲ್ಲಿ ಈ ಚೆಂಡು ಸರಿಯಾಗಿ ಪುಟಿಯದು. ಸಿಮೆಂಟು ನೆಲವೇ ಬೇಕು. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಅಳತೆಗೆ ಕೂಡಿಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಡಿಕೆ ಹರಡಿದ ಮೇಲೆ ಮನೆಯ ಹಿರಿಯರು ಬಿಟ್ಟುಕೊಡುವರೇ ಎಂಬುದು ಬೇರೆ ಮಾತು. ಶಟ್ಲ್ ಅಂಕಣದ ಗೆರೆಗಳಿದ್ದಲ್ಲಿ ಹೆಚ್ಚು ಕೆಲಸವಿಲ್ಲ. ಶಟ್ಲ್‌ನ ಮುಂದಿನ ಸರ್ವಿಸ್ ಗೆರೆ ಬಲೆಯಿಂದ ಆರೂವರೆ ಅಡಿಗಿದೆ, ಅದಕ್ಕಿಂತ ಅರ್ಧ ಅಡಿ ಹಿಂದೆ ಸೀಮೆಸುಣ್ಣದಿಂದ ಇನ್ನೊಂದು ಗೆರೆ ಎಳೆದು ಬಲೆಯನ್ನು ಇಳಿಸಿ ಕಟ್ಟಿದರೆ ಅಂಕಣ ಸಿದ್ಧ. ಆದರೆ ಹಿಂದುಗಡೆ ಓಡಲು ಜಾಗ ಬೇಕು. ಉದ್ದ 60 ಅಡಿ, ಅಗಲ 30 ಅಡಿಯಾದರೂ ತೆರವಾಗಿರಬೇಕು. ಗೆರೆಯ ಎರಡು ಅಡಿ ಹಿಂದೆಯೇ ಮುರಕಲ್ಲಿನ ಕಟ್ಟೆ ಇರುವಲ್ಲಿ ಸಿಂಗಲ್ಸ್ ಆಡುವುದು ಬೇಡ.

ನಲವತ್ತು ದಾಟಿದವರು ಒಂದು ಮಾತನ್ನು ಮರೆಯಬಾರದು. ತಲೆಯ ಮೇಲಿಂದ ಹೋದ ಚೆಂಡಿಗೆ ಮುಖ ಬಲೆಯ ಕಡೆಗಿಟ್ಟು ಹಿಮ್ಮುಖವಾಗಿ ಓಡುವುದು ಈ ಆಟದ ಅತ್ಯಂತ ಅಪಾಯದ ಚಾಳಿ. ಬಿದ್ದರೆ ಕೈ ಊರಿಯೇ ಬೀಳುವುದು, ಮಣಿಕಟ್ಟಿನ ಮೂಳೆ ಮುರಿಯುವುದೂ ಹಾಗೆಯೇ. ಪಕ್ಕಕ್ಕೆ ತಿರುಗಿ ಓಡಬೇಕು. ಆಗದಿದ್ದರೆ ಆ ಅಂಕವನ್ನು ಬಿಡಬೇಕು. ಚಪ್ಪಲಿಯಲ್ಲಾಗಲಿ ಬರಿಗಾಲಿನಲ್ಲಾಗಲಿ ಸಿಮೆಂಟಿನ ಮೇಲೆ ಆಡಬಾರದು.

ದಣಿವೂ ಆಟದ ಭಾಗವೇ. 11 ಅಂಕಗಳ ಆಟದಲ್ಲಿ ತಲಾ ಒಂದು ನಿಮಿಷದ ಎರಡು ಟೈಮ್‌ಔಟ್ ಪ್ರತಿಯೊಬ್ಬರಿಗೂ ಇದೆ. ಊರಿನ ಪಂದ್ಯಗಳಲ್ಲಿ ಅದನ್ನು ಕೇಳಲು ಹುಡುಗರು ನಾಚುತ್ತಾರೆ. ಎದುರಾಳಿ ಸತತ ಮೂರು ಅಂಕ ಗಳಿಸಿ ಸರ್ವ್‌ಗೆ ನಿಂತಾಗ ಕೇಳಬೇಕಾದದ್ದೇ ಅದು.

ಪೂರ್ತಿ ಅಂಕಣದ ಸಿಂಗಲ್ಸ್ ಮೊದಲ ದಿನವೇ ಆಡಬೇಕೆಂದಿಲ್ಲ. ನಡುಗೆರೆಯಿಂದ ಒಂದೇ ಬದಿಯ ಹತ್ತು ಅಡಿ ಅಗಲದಲ್ಲಿ ಇಬ್ಬರು ಎದುರುಬದುರಾಗಿ ಆಡುವ ಅರ್ಧ ಅಂಕಣದ ಆಟವಿದೆ. ಓಟ ಅರ್ಧಕ್ಕಿಳಿಯುತ್ತದೆ, ಆದರೆ ಆಳವಾದ ರಿಟರ್ನ್, ಮುಂದಕ್ಕೆ ಹೋಗುವುದು, ಕಾಲಬುಡದ ಡ್ರಾಪ್ ಎಲ್ಲವೂ ಅಭ್ಯಾಸವಾಗುತ್ತವೆ. ವಾರಕ್ಕೆ ಎರಡು ಮೂರು ಸಂಜೆ ಹೀಗೆ ಆಡಿ, ಒಂದು ತಿಂಗಳ ನಂತರ ಅದೇ ಇಬ್ಬರು ಪೂರ್ತಿ 20 ಅಡಿಗೆ ಹೋಗಬಹುದು.